ಹಿರೇಮಣಿ ಮತ್ತು ಬೆತ್ತ

1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಮದರಾಸಿಗೆ ಕಳಿಸಿದ. ಲೆಕ್ಕ ಕೇಳಿದವನು ಗವರ್ನರ್ ಥಾಮಸ್ ಮನ್ರೋ. ಅವನಿಗೆ ಈ ಸೀಮೆ ಹೊಸದೇನಲ್ಲ. 1800ರಿಂದ ಏಳು ವರ್ಷ ಇಲ್ಲೇ ಕಂದಾಯ ವಸೂಲಿ ಮಾಡಿಸಿ ಹೋದವನು. ಲೆಕ್ಕದ ಪ್ರಕಾರ ಜಿಲ್ಲೆಯಲ್ಲಿದ್ದದ್ದು 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು, ಇಂಗ್ಲಿಷಿನದು ಒಂದೇ ಒಂದು. ಆಗ ಬಳ್ಳಾರಿ ಜಿಲ್ಲೆಯೆಂದರೆ ಅನಂತಪುರದ ಕಡೆಯ ನೆಲವೂ ಸೇರಿದ ದೊಡ್ಡ ಸೀಮೆ. ಹೊಸಪೇಟೆ, ಹಂಪಿ, ಕಂಪ್ಲಿ ಅದರೊಳಗಿದ್ದವು. ಸಂಡೂರು ಮಾತ್ರ ಘೋರ್ಪಡೆಯವರ ಬೇರೆ ಸಂಸ್ಥಾನ.

ಅಂಕಿಗಳಿಗಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಕ್ಯಾಂಪ್‌ಬೆಲ್ ಬರೆದ ಶಾಲೆಯ ದಿನಚರಿ. ಐದು ವರ್ಷದ ಮಗು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಮೇಷ್ಟ್ರು ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಕೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬರಬರುತ್ತ ಏರುತ್ತದೆ. ಎಲ್ಲರೂ ಸೇರಿದ ಮೇಲೆ ಸಾಮಾನ್ಯವಾಗಿ ನಾಲ್ಕು ಗುಂಪು. ಮೇಲಿನವರನ್ನು ಮೇಷ್ಟ್ರು ಖುದ್ದು ನೋಡಿಕೊಳ್ಳುತ್ತಾರೆ. ಕೆಳಗಿನವರು ಒಂದಷ್ಟು ಮಟ್ಟಿಗೆ ಹಿರಿಯ ಹುಡುಗರ ಕೈಯಲ್ಲಿ. ಗಾಂವಠಿ ಶಾಲೆಗಳ ಹಿರೇಮಣಿ ಎಂದರೆ ಇಂಥ ಹುಡುಗನೇ. ಕಲಿತವನು ಕಲಿಯುವವನಿಗೆ ಹೇಳಿಕೊಡುತ್ತಾನೆ, ಹೇಳಿಕೊಡುತ್ತಲೇ ತನ್ನದನ್ನೂ ಗಟ್ಟಿ ಮಾಡಿಕೊಳ್ಳುತ್ತಾನೆ. ಈ ಏರ್ಪಾಡು ಮೆಚ್ಚತಕ್ಕದ್ದು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದು ಕಲೆಕ್ಟರ್ ಒಪ್ಪಿಕೊಂಡ.

ಅನುಕರಿಸಿದ್ದು ನಿಜ. ಆ್ಯಂಡ್ರೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಗೆ ಮುಖ್ಯಸ್ಥನಾಗಿ ಬಂದ. ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯ ಉಪಾಧ್ಯಾಯರು ಆ ಕ್ರಮಕ್ಕೆ ಒಗ್ಗದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಂದ ಚಿಕ್ಕವರಿಗೆ ಅಕ್ಷರ ಕಲಿಸಿ ನೋಡಿದ, ಗೆದ್ದ. 1797ರಲ್ಲಿ ಅದನ್ನು ಪುಸ್ತಕ ಮಾಡಿದ. ಮರುವರ್ಷವೇ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಶಾಲೆ ತೆರೆದ. ಅಲ್ಲಿ ಒಬ್ಬ ಮೇಷ್ಟ್ರ ಕೆಳಗೆ ನೂರಾರು ಮಕ್ಕಳು, ನಡುವೆ ಮಾನಿಟರ್‌ಗಳ ಪಡೆ. ಕಾರ್ಖಾನೆಗಳ ಕಾಲಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಬೆತ್ತ ಬೇಡವೆಂದ ಲ್ಯಾಂಕಾಸ್ಟರ್, ತಪ್ಪು ಮಾಡಿದ ಮಗುವಿನ ಕೊರಳಿಗೆ ಮರದ ದಿಮ್ಮಿ ಕಟ್ಟಿಸಿದ, ಬುಟ್ಟಿಯಲ್ಲಿ ಕೂರಿಸಿ ಚಾವಣಿಗೆ ತೂಗುಹಾಕಿಸಿದ. ಏಟಿನ ಜಾಗಕ್ಕೆ ಅವಮಾನ ಬಂತು. ಅರ್ಧ ಶತಮಾನ ಕಳೆಯುವುದರೊಳಗೆ ಆ ಪದ್ಧತಿ ಮಂಕಾಯಿತು.

ಅಲ್ಲಿ ಸೋತದ್ದೇನು? ಮಕ್ಕಳಿಂದ ಮಕ್ಕಳು ಕಲಿಯುವುದು ಸೋಲುವ ಸಂಗತಿಯಲ್ಲ. ಶಿಷ್ಯ ಕಾಲು ಭಾಗ ಗುರುವಿನಿಂದ, ಕಾಲು ತನ್ನ ಬುದ್ಧಿಯಿಂದ, ಕಾಲು ಜೊತೆಗಾರರಿಂದ, ಉಳಿದ ಕಾಲು ಕಾಲಕ್ರಮದಲ್ಲಿ ಪಡೆಯುತ್ತಾನೆ ಎಂಬ ಹಳೆಯ ಸುಭಾಷಿತದ ಲೆಕ್ಕ ಪರೀಕ್ಷೆಗೆ ಕೂತವರಿಗೆಲ್ಲ ಗೊತ್ತು. ಸೋತದ್ದು ಅಗ್ಗದ ಆಸೆ. ಬಳ್ಳಾರಿಯ ಜಗಲಿಯಲ್ಲಿ ಹಿರೇಮಣಿ ಕಲಿಸುತ್ತಿದ್ದಾಗಲೂ ಮೇಷ್ಟ್ರ ಕಣ್ಣು ಎಲ್ಲರ ಮೇಲಿತ್ತು ಎಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳಿದ್ದಾಗ ಅದು ಸಾಧ್ಯವಿತ್ತು. ಇಂಗ್ಲೆಂಡಿಗೆ ಹಡಗು ಹತ್ತಿದ್ದು ಮಿತವ್ಯಯ ಮಾತ್ರ, ಕಣ್ಣು ಇಲ್ಲೇ ಉಳಿಯಿತು.

ಈಗಿನ ಮಾತಿಗೆ ಬರೋಣ. ಹೊಸಪೇಟೆಯ ಪದವಿ ಕಾಲೇಜುಗಳಿಗೆ ಕಂಪ್ಲಿ, ಸಂಡೂರು, ಕಮಲಾಪುರ, ಸುತ್ತಲಿನ ಹಳ್ಳಿ ತಾಂಡಾಗಳಿಂದ ಹುಡುಗ ಹುಡುಗಿಯರು ಬಸ್ಸು ಹಿಡಿದು ಬರುತ್ತಾರೆ. ಹಲವರು ಹತ್ತನೆಯ ತರಗತಿಯ ತನಕ ಕನ್ನಡದಲ್ಲೇ ಓದಿದವರು. ಬಿ.ಕಾಂ. ಅಥವಾ ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಪುಸ್ತಕವೂ ಪ್ರಶ್ನೆಪತ್ರಿಕೆಯೂ ಹೆಚ್ಚಾಗಿ ಇಂಗ್ಲಿಷ್. ಉಪನ್ಯಾಸಕರನ್ನು ಎದ್ದು ಕೇಳಲು ನಾಲಿಗೆ ಬಾರದು. ಆಗ ಕೈ ಹಿಡಿಯುವುದು ಎರಡನೆಯ ವರ್ಷದ ಒಬ್ಬಳು ಅಕ್ಕ, ಅಥವಾ ಅದೇ ಬೆಂಚಿನಲ್ಲಿ ಒಂದು ಹೆಜ್ಜೆ ಮುಂದಿರುವ ಗೆಳೆಯ. ಊಟದ ಬಿಡುವಿನಲ್ಲೋ, ಹಾಸ್ಟೆಲಿನ ವರಾಂಡದಲ್ಲೋ, ಪರೀಕ್ಷೆ ಹತ್ತಿರವಾದಾಗ ಗ್ರಂಥಾಲಯದ ಮೆಟ್ಟಿಲ ಮೇಲೋ ಈ ಪಾಠ ನಡೆಯುತ್ತದೆ. ಟೈಮ್‌ಟೇಬಲ್ಲಿನಲ್ಲಿ ಇದಕ್ಕೆ ಹೆಸರಿಲ್ಲ. ಕೆಲವೆಡೆ ‘ಸ್ಟೂಡೆಂಟ್ ಮೆಂಟರ್’ ಎಂಬ ಬಿಲ್ಲೆಯೂ ಸಿಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಂತೂ ಹೊಸಬರಿಗೆ ಮೂರು ವಾರದ ಪ್ರವೇಶ ಕಾರ್ಯಕ್ರಮ ಬಂದ ಮೇಲೆ ಸೀನಿಯರ್‌ಗಳಿಗೂ ಒಂದು ಪಾತ್ರ ಸಿಕ್ಕಿದೆ. ರ‍್ಯಾಗಿಂಗ್ ಮಾಡುವ ಸೀನಿಯರ್‌ಗಿಂತ ದಾರಿ ತೋರುವ ಸೀನಿಯರ್ ಮೇಲು, ಇದಕ್ಕೆ ಚರ್ಚೆ ಬೇಕಿಲ್ಲ.

ಹೇಳಿಕೊಡುವವಳಿಗೆ ಏನಾಗುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಸಂಡೂರಿನ ಕಡೆಯ ಹುಡುಗಿಯೊಬ್ಬಳು ಸವಕಳಿಯ ಲೆಕ್ಕ ಹೇಳಿಕೊಡುತ್ತಿದ್ದಾಳೆ ಎನ್ನಿ. ಸೂತ್ರ ಅವಳಿಗೆ ಬಾಯಿಪಾಠ, ಅಂಕವೂ ಬಂದಿದೆ. ಎದುರಿನವನು ಕೇಳುತ್ತಾನೆ: ‘ದುಡ್ಡು ಒಂದೇ ಸಲ ಕೊಟ್ಟು ತಂದದ್ದಕ್ಕೆ ವರ್ಷ ವರ್ಷ ಖರ್ಚು ಯಾಕೆ ಬರಿಯೋದು?’ ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಅವಳು ತಡವರಿಸುತ್ತಾಳೆ. ಆಮೇಲೆ ಅದಿರಿನ ಲಾರಿ ನೆನಪಾಗುತ್ತದೆ: ಗಣಿಯ ದಾರಿಯಲ್ಲಿ ಐದು ವರ್ಷ ಓಡಿದ ಲಾರಿಯನ್ನು ಕೊಂಡ ಬೆಲೆಗೆ ಯಾರು ತಗೊಳ್ತಾರೆ? ಹೋದ ಬೆಲೆ ಎಲ್ಲಿ ಹೋಯ್ತು? ಪ್ರತಿ ವರ್ಷದ ದುಡಿಮೆ ಅದನ್ನು ತಿಂದಿತು, ಆಯಾ ವರ್ಷದ ಲಾಭದಲ್ಲಿ ಅದನ್ನು ಕಳೆಯಲೇಬೇಕು. ಇಷ್ಟು ಹೇಳಿ ಮುಗಿಸುವಾಗ ಸವಕಳಿ ಅವಳಿಗೂ ಮೊದಲ ಸಲ ಅರ್ಥವಾಗಿರುತ್ತದೆ. ಎಂಜಿನಿಯರಿಂಗ್ ಹುಡುಗನಿಗೂ ಹೀಗೇ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕಿತ್ತುಹೋದದ್ದನ್ನು ಊರೆಲ್ಲ ನೋಡಿತು. ಗೇಟಿನ ಮೇಲಿನ ಒತ್ತಡಕ್ಕೆ ಹಿಂದೆ ನೀರು ಎಷ್ಟು ಮೈಲಿ ಹಬ್ಬಿದೆ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಎತ್ತರ ನಿಂತಿದೆ ಎಂಬುದೇ ಲೆಕ್ಕ. ಇದನ್ನು ಜೂನಿಯರ್ ನಂಬುವ ಹಾಗೆ ಹೇಳಲು ಹೊರಟವನಿಗೆ ತಾನು ಇಷ್ಟು ದಿನ ನಂಬಿದ್ದು ಸೂತ್ರವನ್ನೋ ಸತ್ಯವನ್ನೋ ಎಂಬುದು ಬಯಲಾಗುತ್ತದೆ.

ಜ್ಞಾನದ ಮಾತು ಇಷ್ಟು. ಇದಕ್ಕಿಂತ ಕಷ್ಟದ್ದು ಉತ್ತರ ಬಾಯಿಗೆ ಬಂದಾಗ ನುಂಗಿಕೊಳ್ಳುವುದು. ಬುದ್ಧಿವಂತ ವಿದ್ಯಾರ್ಥಿಗೆ ನಾವು ಬಾಲ್ಯದಿಂದ ಕಲಿಸಿರುವುದು ಒಂದೇ: ಮೊದಲು ಕೈ ಎತ್ತು, ಮೊದಲು ಹೇಳು, ಅಂಗೈಯ ಸರಸ್ವತಿಯನ್ನು ಗಿಟ್ಟಿಸು. ಗೆಳೆಯನ ಪಕ್ಕ ಕೂತಾಗ ಈ ಪಾಠ ತಲೆಕೆಳಗಾಗಬೇಕು. ಅವನು ತಪ್ಪು ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗುವುದನ್ನು ನೋಡುತ್ತ ಸುಮ್ಮನಿರಬೇಕು, ‘ಇದನ್ನ ಯಾಕೆ ಹೀಗ್ ಮಾಡ್ದಿ?’ ಎಂದಷ್ಟೇ ಕೇಳಬೇಕು. ಇಪ್ಪತ್ತರ ವಯಸ್ಸಿಗೆ ಇದು ಸಣ್ಣ ತಪಸ್ಸಲ್ಲ. ತಾನು ಮಿಂಚುವ ಅವಕಾಶವನ್ನು ಇನ್ನೊಬ್ಬನಿಗಾಗಿ ಬಿಟ್ಟುಕೊಡುವ ಅಭ್ಯಾಸ ಒಮ್ಮೆ ಬಂದರೆ ಆ ಮನುಷ್ಯ ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಕೂತರೂ, ತಾಲ್ಲೂಕು ಕಚೇರಿಯಲ್ಲಿ ಕೂತರೂ ಎದುರಿಗಿರುವವರನ್ನು ಬೇರೆ ರೀತಿ ನೋಡುತ್ತಾನೆ ಎಂದು ನನ್ನ ನಂಬಿಕೆ. ಹಾಗೆಂದು ಇದು ತಾನಾಗಿ ಬರುವುದಿಲ್ಲ. ನಾಲ್ಕು ಜನ ಕೇಳತೊಡಗಿದ ಕೂಡಲೇ ದನಿ ಏರಿಸುವ, ‘ಇಷ್ಟೂ ಬರಲ್ವಾ?’ ಎನ್ನುವ ಹಿರೇಮಣಿಗಳೂ ಬೇಕಾದಷ್ಟು. ಬೆತ್ತ ಕೈಯಲ್ಲಿ ಇರಲೇಬೇಕೆಂದಿಲ್ಲ, ಹುಬ್ಬಿನಲ್ಲೂ ಇರುತ್ತದೆ.

ಕ್ಯಾಂಪ್‌ಬೆಲ್‌ನ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ: ಆ 6,641 ಮಕ್ಕಳಲ್ಲಿ ಹುಡುಗಿಯರು 60. ಅಂದಿನ ಹಿರೇಮಣಿ ಹುಡುಗನೇ, ಅದೂ ಯಾವ ಮನೆಯ ಹುಡುಗ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಈಗ ತಾಂಡಾದ ಹುಡುಗಿ ಕಂಪ್ಲಿಯ ವ್ಯಾಪಾರಿಯ ಮಗನಿಗೆ ಜರ್ನಲ್ ಎಂಟ್ರಿ ತಿದ್ದಿಕೊಡುತ್ತಾಳೆ. ಅವನು ‘ಮತ್ತೊಮ್ಮೆ ಹೇಳು’ ಎನ್ನುತ್ತಾನೆ. ಯಾರು ಯಾರಿಗೆ ಹೇಳಬೇಕು, ಯಾರು ಕೈಕಟ್ಟಿ ಕೇಳಬೇಕು ಎಂದು ಊರು ಬಹಳ ಕಾಲ ನಿರ್ಧರಿಸಿಟ್ಟಿತ್ತು. ಸಾಮಾಜಿಕ ನ್ಯಾಯದ ಭಾಷಣಗಳನ್ನು ಕೇಳಿ ಬದಲಾಗದ ಮನಸ್ಸು ಪರೀಕ್ಷೆಯ ಹಿಂದಿನ ದಿನ ಬದಲಾಗುವುದುಂಟು. ಭಯವೂ ಒಮ್ಮೊಮ್ಮೆ ಒಳ್ಳೆಯ ಕೆಲಸ ಮಾಡುತ್ತದೆ. ಅವಳಿಗಂತೂ ಅದು ಬದುಕಿನ ತಿರುವಾಗಬಹುದು. ತನ್ನ ಮಾತಿಗೆ ಕಾದು ಕೂತವರನ್ನು ಒಮ್ಮೆ ಕಂಡವಳನ್ನು ಆಮೇಲೆ ಮೂಲೆಗೆ ತಳ್ಳುವುದು ಸುಲಭವಲ್ಲ.

ಇಷ್ಟೆಲ್ಲ ಒಳಿತಿರುವ ಕಾರಣಕ್ಕೇ ಕಾಲೇಜುಗಳು ಇದನ್ನು ಕೆಡಿಸುವ ದಾರಿಗಳೂ ಹೆಚ್ಚು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಹತ್ತಿರ ಬಂತೆಂದು ವಿದ್ಯಾರ್ಥಿಗಳನ್ನು ‘ನಿಧಾನ ಕಲಿಕೆಯವರು’, ‘ಮುಂದುವರಿದ ಕಲಿಕೆಯವರು’ ಎಂದು ಪಟ್ಟಿ ಮಾಡಿ, ಇವರಿಗೆ ಅವರನ್ನು ಗಂಟುಹಾಕಿ, ಫೋಟೊ ತೆಗೆದು ಕಡತಕ್ಕೆ ಸೇರಿಸುವುದು ಒಂದು ದಾರಿ. ಆ ಪಟ್ಟಿಯಲ್ಲಿ ಹೆಸರು ಬಂದವನು ಕೊರಳಿಗೆ ದಿಮ್ಮಿ ಕಟ್ಟಿಕೊಂಡಂತೆಯೇ ಕೂರುತ್ತಾನೆ. ಇಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ವಿಶ್ವವಿದ್ಯಾಲಯವೊಂದರ ವಿವೇಕ ನೆನಪಾಗುತ್ತದೆ. 1973ರಲ್ಲಿ ಡಿಯಾನಾ ಮಾರ್ಟಿನ್ ಎಂಬಾಕೆ ಅಲ್ಲಿ ಸಹಪಾಠಿ ನಾಯಕರ ಪದ್ಧತಿ ಶುರುಮಾಡಿದಾಗ ಕಷ್ಟದ ವಿದ್ಯಾರ್ಥಿಗಳನ್ನು ಹುಡುಕಲಿಲ್ಲ, ಕಷ್ಟದ ವಿಷಯಗಳನ್ನು ಹುಡುಕಿದರು. ಎಲ್ಲರೂ ತಡವರಿಸುವ ವಿಷಯಕ್ಕೆ ಎಲ್ಲರೂ ಬರಬಹುದು; ದಡ್ಡನೆಂಬ ಹಣೆಪಟ್ಟಿ ಯಾರಿಗೂ ಇಲ್ಲ. ನಾಯಕನು ತಾನು ಪಾಸಾದ ತರಗತಿಯಲ್ಲೇ ಮತ್ತೆ ಹೋಗಿ ಕೂತು ನೋಟ್ಸ್ ಬರೆದುಕೊಳ್ಳುತ್ತಾನೆ, ಆಮೇಲೆ ಗುಂಪಿನೊಡನೆ ಕೂರುತ್ತಾನೆ.

ಇನ್ನೊಂದು ದಾರಿ ಲ್ಯಾಂಕಾಸ್ಟರನದೇ: ಮೇಷ್ಟ್ರ ಖರ್ಚು ಉಳಿಸುವುದು. 2023ರ ನವೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ರಾಜ್ಯದುದ್ದಕ್ಕೂ ತರಗತಿ ಬಿಟ್ಟು ಕೂತಾಗ ಸರ್ಕಾರಿ ಕಾಲೇಜುಗಳು ಯಾರ ಮೇಲೆ ನಿಂತಿವೆ ಎಂಬುದು ಜಗಜ್ಜಾಹೀರಾಯಿತು. ಖಾಲಿ ಹುದ್ದೆ ತುಂಬದೆ, ‘ಸೀನಿಯರ್ಸ್ ನೋಡ್ಕೊಳ್ತಾರೆ ಬಿಡಿ’ ಎನ್ನುವುದು ಬಲು ಸಲೀಸು, ಕೇಳಲಿಕ್ಕೂ ಚಂದ. ಮೇಷ್ಟ್ರಿಲ್ಲದ ಜಗಲಿಯಲ್ಲಿ ಹಿರೇಮಣಿ ಬೆಳೆಯುವುದಿಲ್ಲ, ಬರೀ ಸವೆಯುತ್ತಾನೆ. ತಾನು ತಪ್ಪು ಹೇಳಿದರೆ ತಿದ್ದಲು ಯಾರೂ ಇಲ್ಲ ಎಂಬ ಅರಿವಿನಲ್ಲಿ ಕಲಿಸುವ ಹುಡುಗ ಒಂದೋ ಹೆದರುತ್ತಾನೆ, ಇಲ್ಲವೇ ತಪ್ಪನ್ನೇ ಠೀವಿಯಿಂದ ಹೇಳಲು ಕಲಿಯುತ್ತಾನೆ.

ಹೀಗೆ ಹೇಳಿಕೊಡುವವರಿಗೆ ಸಂಭಾವನೆ ಕೊಡಬೇಕೆ? ಕೊಟ್ಟರೆ ಸೇವೆಯ ಗುಣ ಹೋಗುತ್ತದೆ ಎನ್ನುವವರಿದ್ದಾರೆ. ರಜೆಯಲ್ಲಿ ಕಬ್ಬಿನ ಗದ್ದೆಗೋ ಬಟ್ಟೆ ಅಂಗಡಿಗೋ ಹೋಗಿ ಫೀಸು ಹೊಂದಿಸುವ ಮಕ್ಕಳ ಸಮಯಕ್ಕೆ ಬೆಲೆಯಿಲ್ಲವೆನ್ನುವುದು ನನಗೆ ಒಪ್ಪದ ಮಾತು. ಏನಾದರೂ ಕೊಡಿ; ಕೊಡಲಾಗದಿದ್ದರೆ ಕನಿಷ್ಠ ಅವಳ ಗಂಟೆಯನ್ನು ಕದಿಯಬೇಡಿ. ಪ್ರಮಾಣಪತ್ರ ಅಚ್ಚು ಹಾಕಿಸುವ ಮೊದಲು ಮಾಡಬೇಕಾದ ಕೆಲಸಗಳು ಸಣ್ಣವು: ಫ್ಯಾನ್ ತಿರುಗುವ ಒಂದು ಕೋಣೆ, ಸಿಕ್ಕಿಬಿದ್ದಾಗ ಕೇಳಲು ಒಬ್ಬ ಉಪನ್ಯಾಸಕರು, ಟೈಮ್‌ಟೇಬಲ್ಲಿನ ಒಳಗೇ ವಾರಕ್ಕೆರಡು ಗಂಟೆ. ಒಳಗೇ ಎಂದೆ. ತರಗತಿ ಮುಗಿದ ಮೇಲೆ ಇಟ್ಟರೆ ಹೊಸಪೇಟೆಯಲ್ಲೇ ಮನೆಯಿರುವವರು ಉಳಿಯುತ್ತಾರೆ. ಕಂಪ್ಲಿಯ ಹುಡುಗಿಯರು, ಸಂಡೂರಿನವರು ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ.