ಮುಳ್ಳು ಮೊದಲೇ ಹೇಳುತ್ತದೆ



ನವಲಗುಂದದ ಗ್ಯಾರೇಜೊಂದರಲ್ಲಿ ಹಳೆಯ ಜೀಪಿನ ಡ್ಯಾಶ್‌ಬೋರ್ಡಿನ ಕೆಳಗೆ ಆಯಿಲ್ ಪ್ರೆಶರ್ ಮೀಟರು ಕೂಡಿಸುತ್ತಿದ್ದರು. "ಕಂಪನಿಯ ಕೆಂಪು ದೀಪ ಇದೆಯಲ್ಲ?" ಎಂದೆ. ಮೇಸ್ತ್ರಿ ನಕ್ಕರು: "ದೀಪ ಹತ್ತೂದರಾಗ ಪ್ರೆಶರ್ ಪೂರ್ತಿ ಬಿದ್ದಿರತೈತ್ರಿ ಫಾದರ್. ಮುಳ್ಳು ಮೊದಲ ಹೇಳತೈತಿ."

ಇಂಜಿನ್ನಿಗೆ ಟೀ ಜೋಡಿಸಿ, ಒಂದು ಕವಲಿಗೆ ದೀಪದ ಸ್ವಿಚ್ಚು, ಇನ್ನೊಂದಕ್ಕೆ ಮೀಟರು ಹಾಕಿದರು. ತಗಡಿನ ರಂಧ್ರದಲ್ಲಿ ವೈರು ಉಜ್ಜಿ ಹರಿಯದಂತೆ ರಬ್ಬರು ಬಳೆ ತೊಡಿಸಿದರು. ಹಳೆಯ ದೀಪವನ್ನು ತೆಗೆಯಲಿಲ್ಲ.

ನಮ್ಮ ಮನೆಗಳಲ್ಲಿಯೋ? ಕೆಂಪು ದೀಪ ಹತ್ತಿದ ಮೇಲೆಯೇ ನಾವು ದೇವಾಲಯಕ್ಕೆ ಓಡುತ್ತೇವೆ. ಮಗ ಮನೆ ಬಿಟ್ಟಿರುತ್ತಾನೆ, ಕುಡಿತಕ್ಕೆ ಹೊಲ ಅಡವಾಗಿರುತ್ತದೆ. ಆದರೆ ಪ್ರೀತಿ ಇಳಿದದ್ದು ಅಂದಲ್ಲ. ಊಟದ ಹೊತ್ತಿನ ಮಾತು ನಿಂತ ದಿನವೇ ಮುಳ್ಳು ಇಳಿದಿತ್ತು.

ಸಂತ ಇಗ್ನೇಷಿಯಸ್ ಲೊಯೋಲ (1491–1556) ದಿನಕ್ಕೆರಡು ಬಾರಿ ಆತ್ಮಶೋಧನೆ ಮಾಡಲು ಕಲಿಸಿದರು: ದೇವರಿಗೆ ವಂದಿಸಿ, ಬೆಳಕು ಬೇಡಿ, ದಿನವನ್ನು ನೆನೆದು, ಕ್ಷಮೆ ಕೋರಿ, ತಿದ್ದಿಕೊಳ್ಳಲು ನಿರ್ಧರಿಸುವುದು. ಅದೇ ನಮ್ಮ ಮೀಟರು.

ಆದರೆ ಮೀಟರು ತಾನೇ ಎಣ್ಣೆ ತುಂಬದು. ಮುಳ್ಳು ಇಳಿದರೆ ಗಾಡಿ ನಿಲ್ಲಿಸಲೇಬೇಕು. ಪಾಪನಿವೇದನೆಯಲ್ಲಿ ಪ್ರಭು ನಮಗಾಗಿ ಕಾದಿದ್ದಾರೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ, ಎರಡು ನಿಮಿಷ ಸುಮ್ಮನೆ ಕುಳಿತು ಮುಳ್ಳು ನೋಡೋಣ.