ಯಾರೂ ಕೇಳದ ಊರು



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ. ನಮ್ಮ ಜಾತಿ ಯಾವುದೆಂದು ಗೊತ್ತಿಲ್ಲದವರು ನಮ್ಮನ್ನು ಮನುಷ್ಯರಂತೆ ನಡೆಸಿಕೊಂಡರೆ, ಅದನ್ನು ಸಮಾನತೆ ಎನ್ನಬಹುದೇ?

ಈ ಪ್ರಶ್ನೆ ಎದ್ದದ್ದು ಬೆಳ್ತಂಗಡಿ ಕಡೆಯ ನಮ್ಮ ತಮ್ಮನೊಬ್ಬನ ಮಾತಿನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಬೆನ್ನಿಗೊಂದು ಚೀಲ ಏರಿಸಿ ಮೂರು ವಾರ ವಿಯೆಟ್ನಾಂ ಸುತ್ತಿ ಬಂದ. ಉತ್ತರದ ಹಾ ಜಾಂಗ್ ಬೆಟ್ಟಗಳಲ್ಲಿ ಬಾಡಿಗೆ ಬೈಕು (ನಮ್ಮ ಚಾರ್ಮಾಡಿಯ ತಿರುವುಗಳಲ್ಲಿ ಕಲಿತವನಿಗೆ ಅದೇನೂ ಕಷ್ಟವಾಗಲಿಲ್ಲವಂತೆ), ಹನೋಯಿಯಿಂದ ಸೈಗಾನಿಗೆ ರೈಲು, ಆಮೇಲೆ ಮೆಕಾಂಗ್ ನದಿಯ ಕವಲುಗಳಲ್ಲಿ ದೋಣಿ. ಆ ರೈಲು ಹಳಿ 1,726 ಕಿಲೋಮೀಟರ್ ಉದ್ದ. 1936ರಲ್ಲಿ ಪೂರ್ತಿಯಾಗಿ, ಯುದ್ಧದಲ್ಲಿ ತುಂಡಾಗಿ, 1976ರಲ್ಲಿ ಮತ್ತೆ ಜೋಡಿಸಿದ್ದು. ದಾರಿಯಲ್ಲಿ ಹ್ಯೂ ನಗರದಲ್ಲಿ ಇಳಿದು ಥಿಯೆನ್ ಮು ವಿಹಾರಕ್ಕೂ ಹೋದ. 1963ರ ಜೂನ್ 11ರಂದು ಭಿಕ್ಷು ಥಿಕ್ ಕ್ವಾಂಗ್ ಡುಕ್ ಆತ್ಮಾಹುತಿಗೆ ಹೊರಟ ಕಾರು ಅಲ್ಲಿದೆ. ಅದರ ಬಗ್ಗೆ ಬೇರೆ ದಿನ ಬರೆಯುತ್ತೇನೆ.

ಭಾನುವಾರದ ಓದಿನಲ್ಲಿ ಅವನು ಹೇಳಿದ್ದು ಕಾರಿನ ಬಗ್ಗೆ ಅಲ್ಲ. “ಟೀಚರ್, ಮೂರು ವಾರ ಒಬ್ಬರೂ ನನ್ನ ಮನೆ ಎಲ್ಲಿ ಎಂದು ಕೇಳಲಿಲ್ಲ. ವಯಸ್ಸು ಎಷ್ಟು ಎಂದು ಮಾತ್ರ ಕೇಳಿದರು.”

ವಯಸ್ಸು ಕೇಳುವುದಕ್ಕೆ ಕಾರಣ ಉಂಟು. ವಿಯೆಟ್ನಾಂ ಭಾಷೆಯಲ್ಲಿ ಎದುರಿಗಿರುವವರನ್ನು ಅಣ್ಣ, ಅಕ್ಕ, ತಮ್ಮ, ಚಿಕ್ಕಪ್ಪ, ಅಜ್ಜ ಎಂಬಂಥ ಸಂಬಂಧದ ಮಾತುಗಳಿಂದಲೇ ಕರೆಯಬೇಕು. ನಮ್ಮ ‘ನೀವು’ವಿನಂತೆ ಎಲ್ಲರಿಗೂ ಹೊಂದುವ ಒಂದೇ ಮಾತು ಅಲ್ಲಿಯ ದಿನಬಳಕೆಯಲ್ಲಿಲ್ಲ. ಹಿರಿಯನೋ ಕಿರಿಯನೋ ಗೊತ್ತಾಗದೆ ಮಾತು ಮುಂದೆ ಹೋಗದು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಕೇಳುವ “ಇಲ್ಲ್ ಓಲು?” ಯಾತಕ್ಕೆ? ಅವರು ನಮ್ಮ ಮನೆಗೆ ಬರುವವರಲ್ಲ. ಊರಿನ ಹೆಸರು ಹೇಳಿದರೆ ಸಾಲದು, ಊರಿನಲ್ಲಿ ಎಲ್ಲಿ, ಯಾರ ಮನೆಯ ಹತ್ತಿರ, ಯಾರ ಮಗ ಎಂದು ಕೇಳುತ್ತಾ ಹೋಗುತ್ತಾರೆ. ‘ಕಾಲನಿ’ ಎಂಬ ಪದ ಬಾಯಿಂದ ಬಂದ ಕೂಡಲೇ ಪ್ರಶ್ನೆ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ.

ಬಳಗದ ಹಿರಿಯರೊಬ್ಬರು ಹುಡುಗನ ಮಾತನ್ನು ಒಪ್ಪಲಿಲ್ಲ. ಅವರು ಬೊಂಬಾಯಿಯ ಹೋಟೆಲಿನಲ್ಲಿ ಎಷ್ಟೋ ವರ್ಷ ದುಡಿದವರು. “ಮಗಾ, ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಬೊಂಬಾಯಿಯಲ್ಲಿ ನನ್ನದೂ ಯಾರಿಗೂ ಗೊತ್ತಿರಲಿಲ್ಲ. ಊರಿನವನೊಬ್ಬ ಕೆಲಸಕ್ಕೆ ಸೇರಿದ ಮರುದಿನ ಗೊತ್ತಾಯಿತು.”

ಇಬ್ಬರಲ್ಲಿ ಯಾರದು ಸರಿ?

ಬಾಬಾಸಾಹೇಬರ ಆತ್ಮಕಥನದ ತುಣುಕುಗಳು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಹೆಸರಿನಲ್ಲಿ ಇವೆಯಲ್ಲ, ಅದನ್ನು ಈ ಕಣ್ಣಿನಿಂದ ಮತ್ತೆ ಓದಿ. ಅದರ ಬಹುಪಾಲು ಪ್ರಯಾಣದ ಕಥೆಗಳೇ. 1901ರಲ್ಲಿ ಮಕ್ಕಳು ತಂದೆಯನ್ನು ಕಾಣಲು ಮಸೂರು ನಿಲ್ದಾಣದಲ್ಲಿ ಇಳಿದು, ಎರಡು ಪಟ್ಟು ಬಾಡಿಗೆ ಕೊಟ್ಟು ಎತ್ತಿನ ಗಾಡಿ ಹಿಡಿದರು. ಗಾಡಿಯನ್ನು ಹುಡುಗರೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ. ಬುತ್ತಿ ಇತ್ತು, ನೀರು ಸಿಗಲಿಲ್ಲ, ರಾತ್ರಿ ಉಣ್ಣದೆ ಮಲಗಿದರು. 1929ರಲ್ಲಿ ಚಾಳೀಸಗಾಂವದಲ್ಲಿ ಟಾಂಗಾದವರು ಯಾರೂ ಒಪ್ಪದೆ, ಟಾಂಗಾ ಹೊಡೆದು ಅಭ್ಯಾಸವಿಲ್ಲದ ನಮ್ಮವನೇ ಒಬ್ಬ ಹೊಡೆದ. ಸೇತುವೆಯ ಮೇಲೆ ಗಾಡಿ ಮಗುಚಿ ಬಾಬಾಸಾಹೇಬರ ಕಾಲು ಮುರಿಯಿತು. ಇವೆರಡರ ನಡುವೆ, ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ, ತಾನು ಅಸ್ಪೃಶ್ಯ ಎಂಬ ಅರಿವೇ ಹೊರದೇಶದ ವರ್ಷಗಳಲ್ಲಿ ಅಳಿಸಿಹೋಗಿತ್ತು ಎಂದು ಅವರೇ ಹೇಳುತ್ತಾರೆ. ರೈಲು ನಿಲ್ದಾಣದಲ್ಲಿ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎದುರಾದಾಗ ಅದು ಮರಳಿತು. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಾಗಿಲಿಗೆ ಬಂದರು.

ಬರೋಡಾದ ಛತ್ರಕ್ಕೂ ನ್ಯೂಯಾರ್ಕಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಛತ್ರದಲ್ಲಿ ಗುರುತು ಮುಚ್ಚಿಟ್ಟು ಸಿಕ್ಕಿದ್ದು ನೆರಳು ಮಾತ್ರ, ಪ್ರತಿ ಕಾಲ ಸಪ್ಪಳಕ್ಕೂ ಎದೆ ನಡುಗುವ ನೆರಳು. ನ್ಯೂಯಾರ್ಕಿನಲ್ಲಿ ಮುಚ್ಚಿಡಲು ಏನೂ ಇರಲಿಲ್ಲ, ಅಂಥ ಪ್ರಶ್ನೆಯೇ ಆ ಊರಿಗೆ ಗೊತ್ತಿರಲಿಲ್ಲ. ನಮ್ಮ ಹಿರಿಯರು ಬೊಂಬಾಯಿಯಲ್ಲಿ ಕಂಡದ್ದು ಛತ್ರ. ಹುಡುಗ ಕಂಡದ್ದು ಬೇರೆ. ಆದ್ದರಿಂದ ಅವನ ಮೂರು ವಾರಗಳನ್ನು ‘ಅಷ್ಟೆ’ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹುಟ್ಟಿದಾಗಿನಿಂದ ಒಂದೇ ಪ್ರಶ್ನೆ ಕೇಳಿಸಿಕೊಂಡವರು ಅದನ್ನು ಆಟಿಯ ಮಳೆಯ ಹಾಗೆ ಲೋಕದ ನಿಯಮ ಎಂದುಕೊಂಡಿರುತ್ತಾರೆ. ಆ ಪ್ರಶ್ನೆಯಿಲ್ಲದೆಯೂ ಜನ ಅನ್ನ ಬಡಿಸುತ್ತಾರೆ, ಹಾಸಿಗೆ ಹಾಸಿಕೊಡುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಅಲ್ಲಿ ಮಲಗಿ ಏಳುವುದು ಬೇರೆ. ಏಹಿಪಸ್ಸಿಕೋ, ಬಂದು ನೋಡು ಎಂದು ನಾವು ದಿನಾ ಹೇಳುತ್ತೇವಲ್ಲ.

ಆದರೆ ಪ್ರವಾಸಿಗೆ ಕಾಣುವುದು ಅಂಗಳ ಮಾತ್ರ. ಹಾ ಜಾಂಗ್‌ನ ರಸ್ತೆ ಬದಿಯಲ್ಲಿ ಬೆನ್ನ ತುಂಬಾ ಹೊರೆ ಹೊತ್ತ ಹ್ಮಾಂಗ್ ಹೆಂಗಸರ ಫೋಟೋ ತೋರಿಸಿದ. ಬಹುಸಂಖ್ಯಾತ ಕಿನ್ಹ್ ಜನ ಅವರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದೆ. ಅವನಿಗೆ ತಿಳಿದಿರಲಿಲ್ಲ. ಹೇಗೆ ತಿಳಿದೀತು? ವಿಯೆಟ್ನಾಮಿನವನೊಬ್ಬ ಮೂಡುಬಿದಿರೆಗೆ ಬಂದರೆ ಸಾವಿರ ಕಂಬದ ಬಸದಿ ನೋಡಿ, ಎಳನೀರು ಕುಡಿದು, ಇಲ್ಲಿಯವರು ಎಷ್ಟು ಸಾಧು ಜನ ಎಂದು ಬರೆದುಕೊಂಡು ಹೋಗುತ್ತಾನೆ. ಇದೇ ಸೀಮೆಯಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಒಂದು ಕಾಯ್ದೆಯೇ ಬೇಕಾಯಿತು ಎಂದು ಅವನಿಗೆ ಯಾರು ಹೇಳುತ್ತಾರೆ? ಕೈಯಲ್ಲಿ ಕಾಸಿರುವ ಅತಿಥಿಗೆ ಸಿಗುವ ಮರ್ಯಾದೆ ಅಲ್ಲಿಯ ಬಡವನಿಗೂ ಸಿಗುತ್ತದೆಯೇ ಎಂದು ಅತಿಥಿಗೆ ಗೊತ್ತಾಗದು.

ಈಗ ಉಪಾಲಿಯ ಕಥೆ. ಅನುರುದ್ಧ, ಭದ್ದಿಯ, ಆನಂದ ಮುಂತಾದ ಶಾಕ್ಯ ಕುಮಾರರು ಸಂಘ ಸೇರಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಬಂದ. ಮೊದಲು ಉಪಾಲಿಗೆ ದೀಕ್ಷೆ ಕೊಡಿ, ನಮ್ಮ ಶಾಕ್ಯರ ಗರ್ವ ಇಳಿಯಲಿ ಎಂದು ಕುಮಾರರೇ ಬೇಡಿಕೊಂಡರು. ಮೊದಲು ಸೇರಿದವನೇ ಹಿರಿಯ, ಆದ್ದರಿಂದ ನಿನ್ನೆಯವರೆಗೆ ತಮ್ಮ ತಲೆ ಬೋಳಿಸಿದವನಿಗೆ ಅವರು ತಲೆಬಾಗಿದರು. ಉಪಾಲಿ ಅಪರಿಚಿತನಾಗಿರಲಿಲ್ಲ. ಯಾರ ಮಗ, ಯಾವ ಕೆಲಸ, ಎಲ್ಲವೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿದರು. ವಿಯೆಟ್ನಾಮಿನವರಂತೆ ಸಂಘವೂ ಒಂದು ಬಗೆಯಲ್ಲಿ ವಯಸ್ಸನ್ನೇ ಕೇಳಿತು, ದೀಕ್ಷೆಯ ವಯಸ್ಸನ್ನು.

ಬಾಬಾಸಾಹೇಬರಿಗೆ ಪರದೇಶದಲ್ಲಿ ಬದುಕು ಕಟ್ಟಿಕೊಳ್ಳುವ ವಿದ್ಯೆ ಇತ್ತು. ಅಲ್ಲಿ ಉಳಿಯಲಿಲ್ಲ. 1956ರ ಅಕ್ಟೋಬರ್ 14ರಂದು ಧಮ್ಮ ಸ್ವೀಕರಿಸಿದ್ದು ನಾಗಪುರದಲ್ಲಿ, ತನ್ನನ್ನೂ ತನ್ನವರನ್ನೂ ಚೆನ್ನಾಗಿ ಬಲ್ಲ ನಾಡಿನ ಕಣ್ಣೆದುರು.

ಹುಡುಗ ಊರಿಗೆ ಬರುವಾಗ ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು “ಇಲ್ಲ್ ಓಲು?” ಎಂದರಂತೆ. ಇವನು ಕಾಲನಿಯ ಹೆಸರನ್ನು ಪೂರ್ತಿ ಹೇಳಿದ. ಅವರು ಸ್ವಲ್ಪ ಹೊತ್ತು ಹೊರಗೆ ನೋಡಿ, ಚೀಲದ ಮೇಲಿನ ವಿಮಾನದ ಚೀಟಿ ತೋರಿಸಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಫರಂಗಿಪೇಟೆ ಬರುವಷ್ಟರಲ್ಲಿ ಬೈಕಿನ ಬಾಡಿಗೆ ದಿನಕ್ಕೆ ಎಷ್ಟು ಎಂಬಲ್ಲಿಗೆ ಮಾತು ಬಂದಿತ್ತು.

ಬರುವ ಭಾನುವಾರ ಬರೋಡಾದ ಅಧ್ಯಾಯ ಓದುತ್ತೇವೆ. ಬೊಂಬಾಯಿಯಲ್ಲಿ, ಗಲ್ಫಿನಲ್ಲಿ ದುಡಿದು ಬಂದ ಅಣ್ಣಂದಿರು, ಅಕ್ಕಂದಿರು ತಪ್ಪದೆ ಬನ್ನಿ. ಅಲ್ಲಿ ನಿಮ್ಮನ್ನು ಮೊದಲು ಏನು ಕೇಳಿದರು ಎಂದು ಹೇಳಬೇಕು.

ಜೈ ಭೀಮ್. ನಮೋ ಬುದ್ಧಾಯ.