ದೇವರಿಲ್ಲದ ಗುಡಿಯ ಹೊಸ್ತಿಲು

ಚಿತ್ತವಾಡ್ಗಿಯಲ್ಲಿ ಬೆಳೆದ ಮಕ್ಕಳಿಗೆ ಹಂಪಿ ಪ್ರವಾಸದ ಸ್ಥಳವೆಂದು ತೋರುವುದೇ ಇಲ್ಲ. ವಿರೂಪಾಕ್ಷನ ಗೋಪುರ ಅಷ್ಟು ಸಮೀಪದಲ್ಲಿರುವಾಗ ಅದು ನೆಂಟರು ಬಂದರೆ ಕರೆದೊಯ್ಯುವ ಊರು, ಜಾತ್ರೆಗೆ ಹೋಗಿ ಬರುವ ಊರು, ಮನೆಯ ಹಿತ್ತಿಲಿನಂತೆ ಬಳಕೆಯಾಗಿ ಕಣ್ಣಿಗೆ ಬೀಳದೆ ಹೋದ ಊರು. ಆದಕಾರಣ, ಈ ವರ್ಷದ ಪ್ರವಾಸವನ್ನು ನೀವೇ ಯೋಜಿಸಿರಿ, ಎಲ್ಲಿಗೆ ಹೋಗತಕ್ಕದ್ದು, ಏಕೆ ಹೋಗತಕ್ಕದ್ದು ಎಂಬುದನ್ನು ತರಗತಿಯ ಮುಂದೆ ನಿಂತು ಹೇಳಿ ಉಳಿದವರನ್ನು ಒಪ್ಪಿಸಿರಿ, ಆದರೆ ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು ಹತ್ತಿರದ ಸ್ಥಳವಾಗಿರಲಿ ಎಂದು ನಾನು ಒಂಬತ್ತನೆಯ ತರಗತಿಯವರಿಗೆ ಹೇಳಿದಾಗ ಅವರ ಮುಖಗಳಲ್ಲಿ ಮೊದಲು ಕಂಡುದು ನಿರಾಶೆಯೇ. ಮೈಸೂರಿನ ಅರಮನೆ, ಜೋಗದ ಧಾರೆಗಳು ಆ ಕ್ಷಣದಲ್ಲಿ ಅವರ ಕೈತಪ್ಪಿ ಹೋದವು. ಆದರೆ ವಾರ ಕಳೆಯುವುದರೊಳಗಾಗಿ ಗುಂಪುಗಳು ಕಟ್ಟಿಕೊಂಡವು, ನಕಾಶೆಗಳು ಬಂದವು, ಬಸ್ಸಿನ ಬಾಡಿಗೆಯ ಮತ್ತು ಬುತ್ತಿಯ ಲೆಕ್ಕಗಳು ಹುಟ್ಟಿದವು. ಮಂಡನೆಯ ದಿನ ಅವರ ನಡುವೆ ಎದ್ದ ಒಂದು ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲವಾದುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎದ್ದವರು ಸಂಡೂರಿನ ಪಕ್ಷದವರು. ಬೆಟ್ಟದ ಮೇಲಣ ಕುಮಾರಸ್ವಾಮಿಯ ಗುಡಿ, ಅದರ ನೆರೆಯಲ್ಲಿರುವ ಪುರಾತನವಾದ ಪಾರ್ವತಿಯ ಗುಡಿ, ಸುತ್ತಣ ಕಾಡು ಇವುಗಳನ್ನು ಬಣ್ಣಿಸಿದ ಮೇಲೆ, 1932ರಷ್ಟು ಹಿಂದೆಯೇ ಸಂಡೂರಿನ ಅರಸರು ಆ ದೇವಾಲಯವನ್ನು ಹರಿಜನರಿಗೆ ತೆರೆದುದನ್ನೂ, ಹೆಸರುವಾಸಿಯಾದ ತಿರುವಾಂಕೂರಿನ ಘೋಷಣೆ ಬಂದುದು 1936ರಲ್ಲಿ ಎಂಬುದನ್ನೂ ಪಕ್ಕಪಕ್ಕದಲ್ಲಿಟ್ಟು ಅವರು ಹೆಮ್ಮೆಯಿಂದ ಹೇಳಿದರು. ಹೇಳಿ ಮುಗಿಯುವ ಮುನ್ನವೇ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಆ ಸ್ವಾಮಿಯ ದರ್ಶನವನ್ನು ಹೆಂಗಸರು ಮಾಡಬಾರದೆಂಬ ಸಂಪ್ರದಾಯ ಬಹುಕಾಲದಿಂದ ಬಂದುದಾಗಿದೆಯಲ್ಲ, ಹುಡುಗರು ಒಳಗೆ ಹೋದಾಗ ನಾವು ಬಸ್ಸಿನಲ್ಲಿ ಕುಳಿತಿರತಕ್ಕದ್ದೋ ಎಂದು ಕೇಳಿದಳು. ಅವರಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಅವಳು ಕೇಳಿದುದು ನ್ಯಾಯವಾದ ಮಾತೆಂದು ಒಪ್ಪಿ ಆ ಪ್ರಸ್ತಾವವನ್ನು ಅಲ್ಲಿಗೇ ನಿಲ್ಲಿಸಿದೆವು. ಆನೆಗೊಂದಿಯ ನವಬೃಂದಾವನವನ್ನು ಸೂಚಿಸಿದವರು ತುಂಗಭದ್ರೆಯ ನಡುಗಡ್ಡೆಯನ್ನೂ, ಅಲ್ಲಿ ವಿಶ್ರಮಿಸುತ್ತಿರುವ ವ್ಯಾಸರಾಯರನ್ನೂ ಚೆನ್ನಾಗಿಯೇ ಪರಿಚಯಿಸಿದರು. ಆದರೆ ಅಷ್ಟು ಮಕ್ಕಳನ್ನು ದೋಣಿಯಲ್ಲಿ ದಾಟಿಸುವ ಹೊಣೆಯನ್ನು ನಾನು ಹೊರಲಾರೆನೆಂದೆ.

ಹಂಪಿಯ ಪಕ್ಷದವರ ಸಿದ್ಧತೆ ಎಲ್ಲರಿಗಿಂತ ಮೇಲಾಗಿತ್ತು. ಅವರು ಕಲ್ಲಿನ ರಥವನ್ನು ಬಿಟ್ಟುಬಿಟ್ಟಿದ್ದರು. ಐವತ್ತು ರೂಪಾಯಿಯ ನೋಟಿನಲ್ಲಿಯೇ ಇರುವುದನ್ನು ನೋಡಲು ಬಸ್ಸೇಕೆ ಎಂಬುದು ಅವರ ವಾದ. ಅದಕ್ಕೆ ಬದಲಾಗಿ, ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಗಾಣಗಿತ್ತಿ ಬಸದಿ, ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ, ಇವೆರಡನ್ನೂ ಒಂದೇ ಹಗಲಿನಲ್ಲಿ ನಡೆದು ನೋಡಬೇಕೆಂದರು. ಆ ಮಸೀದಿಯಲ್ಲಿರುವ ಕನ್ನಡ ಶಾಸನವು ಅದನ್ನು ಧರ್ಮಸಾಲೆಯೆಂದು ಕರೆಯುತ್ತದೆಂಬುದನ್ನು ಹೇಳಿದ ಹುಡುಗನ ಧ್ವನಿಯಲ್ಲಿ, ತನ್ನ ಮನೆಯವರ ಹೆಸರು ಹಳೆಯ ಪತ್ರವೊಂದರಲ್ಲಿ ಸಿಕ್ಕಿದವನ ಸಂತೋಷವಿತ್ತು.

ಕೊನೆಗೆ ಉಳಿದವಳು ಒಬ್ಬಳೇ. ಅವಳಿಗೆ ಗುಂಪಿರಲಿಲ್ಲ, ನಕಾಶೆಯೂ ಇರಲಿಲ್ಲ. ಹಂಪಿಗೆ ಹೋಗುವಾಗಲೆಲ್ಲ ಅನಂತಶಯನಗುಡಿಯನ್ನು ದಾಟಿ ಹೋಗುತ್ತೇವೆ, ಒಮ್ಮೆಯೂ ಇಳಿದುದಿಲ್ಲ, ಈ ಸಲ ಇಳಿಯೋಣ ಎಂಬುದಷ್ಟೇ ಅವಳ ಪ್ರಸ್ತಾವ. ಕೃಷ್ಣದೇವರಾಯನು 1524ರಲ್ಲಿ ತನ್ನ ಮಗ ತಿರುಮಲರಾಯನ ಹೆಸರಿನ ಹೊಸ ಪುರದಲ್ಲಿ ಕಟ್ಟಿಸಿದ ಆ ದೇವಾಲಯದ ಗರ್ಭಗೃಹವು, ಮಲಗಿದ ವಿಷ್ಣುವಿಗೆಂದೇ ಅಡ್ಡಲಾಗಿ ನೀಳವಾಗಿದೆ, ಅದಕ್ಕೆ ತಕ್ಕಂತೆ ಮೇಲಣ ಶಿಖರವೂ ಕಮಾನಿನ ಆಕಾರವನ್ನು ತಾಳಿದೆ, ಒಳಗೆ ನೀಳವಾದ ಪೀಠವಿದೆ, ದೇವರಿಲ್ಲ. ನಮ್ಮ ಕಡೆಯವರು ಹೇಳುವ ಕಥೆಯಂತೆ, ಅನಂತಶಯನನು ಹಡಗಲಿಯ ಸೀಮೆಯ ಹೊಳಲಿನಿಂದ ಅರಸನ ಹಿಂದೆ ನಡೆದು ಬರಲು ಒಪ್ಪಿದನಂತೆ, ಆದರೆ ತಿರುಗಿ ನೋಡಕೂಡದೆಂದು ಕಟ್ಟು ಹಾಕಿದನಂತೆ. ಅರಸನು ತಿರುಗಿ ನೋಡಿದನು. ಸ್ವಾಮಿಯು ಹೊಳಲಿನಲ್ಲಿಯೇ ಉಳಿದನು. ಆ ಮೂರ್ತಿ ಇಂದಿಗೂ ಹೊಳಲಿನಲ್ಲಿದೆ.

ಕಥೆ ಮುಗಿದ ಬಳಿಕ ತರಗತಿಯಲ್ಲಿ ಒಬ್ಬನು ಎದ್ದು, “ದೇವ್ರೇ ಇಲ್ಲದ ಗುಡಿಯಾಗೆ ಚಪ್ಪಲಿ ಬಿಡಬೇಕೇನ್ರೀ ಸಾರ್?” ಎಂದನು.

ಇದು ಬಾಲಿಶವಾದ ಪ್ರಶ್ನೆಯಲ್ಲ. ಪಾವಿತ್ರ್ಯವೆಂಬುದು ಎಲ್ಲಿ ನೆಲೆಸಿದೆ, ವಸ್ತುವಿನಲ್ಲಿಯೋ, ವಿಧಿಯಲ್ಲಿಯೋ, ಬಂದು ನಿಂತವನ ಮನಸ್ಸಿನಲ್ಲಿಯೋ ಎಂದು ಶಾಸ್ತ್ರಜ್ಞರು ಕೇಳುವುದನ್ನೇ ಅವನು ಪಾದದ ಮಟ್ಟದಿಂದ ಕೇಳಿದ್ದನು. ಆಗಮಗಳ ಮತದಲ್ಲಿ ಶಿಲೆಯು ದೇವರಾಗುವುದು ಪ್ರಾಣಪ್ರತಿಷ್ಠೆಯಿಂದ. ಬಿಂಬವು ಭಿನ್ನವಾದರೆ ಅದರಲ್ಲಿರುವ ಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ಜಲಕುಂಭಕ್ಕೆ ಇಳಿಸಿಕೊಂಡು ಕಲ್ಲನ್ನು ನೀರಿಗೆ ಬಿಡುತ್ತಾರೆ. ಬರಬಲ್ಲುದು ಹೋಗಲೂ ಬಲ್ಲುದೆಂಬ ಈ ಸಿದ್ಧಾಂತದಲ್ಲಿ ಒಂದು ಗಂಭೀರವಾದ ಪ್ರಾಮಾಣಿಕತೆಯಿದೆ. ಅದರ ಪ್ರಕಾರ ಅನಂತಶಯನಗುಡಿಯು ಈಗ ಕೇವಲ ಕಟ್ಟಡ. ಇನ್ನು ಕಲ್ಯಾಣದ ಶರಣರನ್ನು ಕೇಳಿದರೆ, ಸ್ಥಾವರವನ್ನು ಅವರು ಎಂದೂ ನೆಚ್ಚಿದವರಲ್ಲ. ಅಂಗೈಯ ಇಷ್ಟಲಿಂಗವನ್ನು ಕಾಣುವವನಿಗೆ ಪೀಠವು ತುಂಬಿದ್ದರೇನು, ಬರಿದಾಗಿದ್ದರೇನು? ಒಂದಕ್ಕೊಂದು ಎದುರಾಗಿ ನಿಂತ ಈ ಎರಡು ಮತಗಳೂ ಆ ಹುಡುಗನಿಗೆ, ಚಪ್ಪಲಿ ಬಿಡಬೇಕಾದುದಿಲ್ಲವೆಂಬ ಒಂದೇ ಉತ್ತರವನ್ನು ಕೊಡುವುದನ್ನು ಕಂಡು ನಾನು ಸ್ತಬ್ಧನಾದೆ.

ಮಾತನಾಡಿದವನು ಮಸೀದಿಯ ಶಾಸನವನ್ನು ಹೇಳಿದ ಹುಡುಗನೇ. “ನಮ್ಮ ಮಸೀದಿಯಾಗೆ ಯಾವ ಮೂರ್ತಿನೂ ಇರೋದಿಲ್ರೀ, ಆದ್ರೂ ಬಿಡ್ತೀವಿ,” ಎಂದನು.

ನಮಾಜು ನಡೆಯುವ ಮಸೀದಿಗೂ ಪೂಜೆ ನಿಂತ ಗುಡಿಗೂ ಭೇದವಿದೆಯೆಂದು ಅವನ ಮಾತನ್ನು ಅಲ್ಲಗಳೆಯಬಹುದು. ಮಸೀದಿಯ ಗೋಡೆಯ ಗೂಡು ಬರಿದಾಗಿರುವುದು ಯಾರೋ ಬಿಟ್ಟುಹೋದುದರಿಂದಲ್ಲ. ದಿಕ್ಕನ್ನು ತೋರಿಸುವುದೇ ಅದರ ಕೆಲಸ. ಆದರೂ ಅವನ ಮಾತು ನನ್ನನ್ನು ಮತ್ತೆ ಆ ಪೀಠದ ಬಳಿಗೆ ಎಳೆದೊಯ್ದಿತು. ಪೀಠವೂ ಒಂದು ದಿಕ್ಕನ್ನು ತೋರಿಸುತ್ತಿಲ್ಲವೆ? ಬರಲಿರುವವನು ಮಲಗಿದಾಗ ತಲೆಯೆಲ್ಲಿ, ಪಾದವೆಲ್ಲಿ ಎಂದು ಮೊದಲೇ ಅಳೆದು ಶಿಲ್ಪಿಗಳು ಕಲ್ಲನ್ನು ಕಡೆದರು. ಅವನ ಶಯನಕ್ಕಾಗಿ ಶಿಖರದ ರೂಪವನ್ನೇ ಬದಲಿಸಿದರು. ಪುರವು ಅಡಗಿತು, 1565ರಲ್ಲಿ ರಕ್ಕಸ-ತಂಗಡಿಯ ಯುದ್ಧದ ತರುವಾಯ ರಾಜಧಾನಿಯೇ ಹಾಳಾಯಿತು, ಆ ಅಳತೆ ಮಾತ್ರ ಉಳಿಯಿತು. ಒಬ್ಬನಿಗಾಗಿ ಇಷ್ಟು ನಿಖರವಾಗಿ ತೆರವು ಮಾಡಿಟ್ಟ ಸ್ಥಳವನ್ನು ಬರಿಯ ಕಟ್ಟಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಸಾನ್ನಿಧ್ಯವು ಹೋಗಿರಬಹುದು, ಅಥವಾ ಬಂದೇ ಇರಲಿಕ್ಕಿಲ್ಲ. ಅದಕ್ಕಾಗಿ ಕಾದ ಮನುಷ್ಯರ ನಿರೀಕ್ಷೆಯು ಅಲ್ಲಿ ಕಲ್ಲಾಗಿ ನಿಂತಿದೆ, ಮತ್ತು ನಿರೀಕ್ಷೆಯೂ ಉಪಾಸನೆಯ ಒಂದು ಅಂಗವೆಂದು ನಾನು ನಂಬಿದ್ದೇನೆ.

ಕಥೆಯ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ತಿರುಗಿ ನೋಡಿದುದರಿಂದ ಅರಸನು ದೇವರನ್ನು ಕಳೆದುಕೊಂಡನು. ನಾನಾದರೋ ಮಕ್ಕಳಿಗೆ ತಿರುಗಿ ನೋಡುವುದನ್ನೇ ಕಲಿಸುವವನು. ಶಾಸನ ಎಲ್ಲಿದೆ, ವರ್ಷ ಯಾವುದು, ಕಟ್ಟಿಸಿದವರು ಯಾರು ಎಂದು ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಕಣ್ಣು ಹಾಯಿಸದೆ ಚರಿತ್ರೆಯಿಲ್ಲ. ಹಿಂದೆ ಬರುವ ಪಾದದ ಸಪ್ಪಳವನ್ನು ಪರೀಕ್ಷಿಸದೆ ನಂಬಿ ನಡೆಯುವುದೇ ಭಕ್ತಿಯೆಂದು ಕಥೆ ಹೇಳುತ್ತದೆ. ನಮ್ಮ ಭಾಷೆಯಲ್ಲಿ ದರ್ಶನವೆಂಬ ಒಂದೇ ಪದವು ದೇವರ ಮುಂದೆ ನಿಲ್ಲುವುದಕ್ಕೂ, ತರ್ಕದಿಂದ ತತ್ತ್ವವನ್ನು ಕಾಣುವುದಕ್ಕೂ, ಊರೂರು ನೋಡಿ ಬರುವುದಕ್ಕೂ ಸಲ್ಲುತ್ತದೆ. ಮೂರೂ ಒಂದೇ ಬಗೆಯ ನೋಟವೆಂದು ನಾನು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾದೀತು. ಆದರೆ ಅರಸನು ತಿರುಗಿದುದು ಸಂಶಯದಿಂದಲೇ ಎಂದು ಏಕೆ ತಿಳಿಯಬೇಕು? ಅಷ್ಟು ದೂರ ನಡೆದು ಬರುವವನಿಗೆ ಆಯಾಸವಾಯಿತೇನೋ ಎಂಬ ಕಾತರದಿಂದಲೂ ಅವನು ತಿರುಗಿರಬಹುದು. ಹಾಗೆ ತಿರುಗುವುದಾದರೆ ಚರಿತ್ರೆಯ ನೋಟಕ್ಕೂ ಭಕ್ತಿಗೂ ವೈರವಿಲ್ಲ. ಮಕ್ಕಳಿಗೆ ಕಲಿಸಬೇಕೆಂದು ನಾನು ಆಶಿಸುವುದೂ ಆ ನೋಟವನ್ನೇ.

ತರಗತಿಯು ಹಂಪಿಯ ಪ್ರಸ್ತಾವವನ್ನು ಆರಿಸಿತು. ದಾರಿಯಲ್ಲಿ ಮೊದಲು ಅನಂತಶಯನಗುಡಿಯಲ್ಲಿ ಇಳಿಯುವುದೆಂದು ಹಂಪಿಯ ಪಕ್ಷದವರೇ ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಚಪ್ಪಲಿಯ ವಿಷಯದಲ್ಲಿ ಏನನ್ನೂ ವಿಧಿಸಬಾರದೆಂದು ನಾನು ನಿಶ್ಚಯಿಸಿದ್ದೆ. ಮಾರ್ಗಶಿರದ ಆ ಬೆಳಗಿನಲ್ಲಿ ಹಾಸುಗಲ್ಲುಗಳು ತಣ್ಣಗಿದ್ದವು. ಕೆಲವರು ಬಾಗಿಲಲ್ಲಿಯೇ ಬಿಟ್ಟರು, ಕೆಲವರು ಅಂಗಳವನ್ನು ದಾಟಿ ಮಂಟಪದ ಮೆಟ್ಟಿಲ ಬಳಿ ಬಿಟ್ಟರು, ಇಬ್ಬರು ಮೂವರು ಬಿಡಲಿಲ್ಲ; ಯಾರನ್ನೂ ಯಾರೂ ಆಕ್ಷೇಪಿಸಲಿಲ್ಲ. ಆ ಪ್ರಶ್ನೆಯನ್ನು ಕೇಳಿದವನು ಬರಿಗಾಲಿನಲ್ಲಿ, ಗರ್ಭಗೃಹ ಎಷ್ಟು ಉದ್ದವಿದೆಯೆಂದು ಹೊರಗಿನಿಂದ ಅಡಿಗೆ ಅಡಿ ಸೇರಿಸಿ ಅಳೆಯತೊಡಗಿದನು. ನಡುವೆ ಯಾರೋ ಕರೆದುದರಿಂದ ಎಣಿಕೆ ತಪ್ಪಿತು. ಅವನು ಹಿಂತಿರುಗಿ ಹೋಗಿ, ಗೋಡೆಯ ಮೂಲೆಗೆ ಹಿಮ್ಮಡಿಯನ್ನು ತಾಗಿಸಿ, ಮತ್ತೆ ಒಂದರಿಂದ ಎಣಿಸಲಾರಂಭಿಸಿದನು.